ಕೇಳದೆ ಬಂದ ಅಂಚೆಚೀಟಿಗಳು

(ಮಹಿಳಾ ವೇದಿಕೆಯ ಸಭೆಯಲ್ಲಿ ‘ನನ್ನ ಹವ್ಯಾಸ’ ಎಂಬ ವಿಷಯವಾಗಿ ಮಾಡಿದ ಭಾಷಣ)



ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಯವರು ಫೋನ್ ಮಾಡಿದಾಗ, “ನನ್ನದು ಅಂಚೆಚೀಟಿ ಸಂಗ್ರಹ, ಅದನ್ನು ಯಾರು ಕೇಳ್ತಾರೆ?” ಅಂದೆ. “ಸಂಗ್ರಹದ ಬಗ್ಗೆ ಬೇಡ, ಅದು ನಿಮಗೆ ಹೇಗೆ ಹೇಗೆ ಸಿಕ್ಕಿತು ಅದನ್ನು ಹೇಳಿ” ಅಂದರು. ಅದು ಒಳ್ಳೆಯ ಸಲಹೆ. ಯಾಕೆಂದರೆ ನನ್ನ ಹತ್ತಿರ ಇರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಕೊಂಡದ್ದಲ್ಲ, ಕೇಳಿದ್ದೂ ಅಲ್ಲ. ಯಾರೋ ಯಾವಾಗಲೋ ತಂದು ಕೈಯಲ್ಲಿಟ್ಟದ್ದು.

ಮೊದಲನೆಯದು ನನ್ನ ಅಣ್ಣನದು. ಧಾರವಾಡದಲ್ಲಿ ನಾವು ಚಿಕ್ಕವರಿದ್ದಾಗ ಆಲ್ಬಮ್ ಅವನದು, ಕೆಲಸ ನನ್ನದು. ಸ್ಟ್ಯಾಂಪು ನೀರಿನಲ್ಲಿ ನೆನೆಸುವುದು, ಬಿಡಿಸುವುದು, ಒಣಗಿಸುವುದು, ದಪ್ಪ ಪುಸ್ತಕದೊಳಗೆ ಒತ್ತಿಡುವುದು ಎಲ್ಲ ನಾನೇ. ಅಂಟಿಸಿ ಗೆಳೆಯರಿಗೆ ತೋರಿಸುವವನು ಅವನು. 1984ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದು ಟ್ರಂಕು ತೆಗೆದಾಗ ಸೀರೆಗಳ ಅಡಿಯಲ್ಲಿ ಆ ಆಲ್ಬಮ್ ಇತ್ತು. ಚೀಟಿ ಇಲ್ಲ, ಒಕ್ಕಣೆ ಇಲ್ಲ. ಅವನು ಎದುರಿಗೆ ಕೊಟ್ಟಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ.

ನಮ್ಮದು ಆಗ ರಾಮನಗರದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಆಲ್ಬಮ್ ಇಡಲಿಕ್ಕೆ ಜಾಗ ಅಂದರೆ ಗೋದ್ರೆಜ್ ಕಪಾಟಿನ ಮೇಲೆ. ಡೊಂಬಿವಲಿ ಮಳೆಗಾಲ ನಿಮಗೆ ಗೊತ್ತು, ಜೂನ್ ಬಂತೆಂದರೆ ಹಪ್ಪಳ, ಬೆಂಕಿಪೊಟ್ಟಣ, ಸ್ಟ್ಯಾಂಪು ಎಲ್ಲಕ್ಕೂ ಒಂದೇ ಗತಿ. ಬಳಸದ ಸ್ಟ್ಯಾಂಪಿನ ಹಿಂದೆ ಅಂಟು ಇರುತ್ತದಲ್ಲ, ತೇವಕ್ಕೆ ಅದು ಪುಟಕ್ಕೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ನಡುವೆ ಬೆಣ್ಣೆ ಕಾಗದ, ಪಕ್ಕದಲ್ಲಿ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಆಲ್ಬಮ್ ಮಲಗಿಸುವುದಿಲ್ಲ, ನಿಲ್ಲಿಸಿ ಇಡುತ್ತೇನೆ. ಮನೆಯಲ್ಲಿ ಯಾರಿಗಾದರೂ ಹೊಸ ಮಾತ್ರೆ ಡಬ್ಬಿ ಬಂದರೆ ಮೊದಲು ನೋಡುವವಳು ನಾನೇ, ಮಾತ್ರೆಗಾಗಿ ಅಲ್ಲ.

ಕೆಲಸ ಫೋರ್ಟ್‌ನ ಒಂದು ಕಚೇರಿಯಲ್ಲಿ. ಊಟದ ಬಿಡುವಿನಲ್ಲಿ ನಡೆದರೆ ಜಿ.ಪಿ.ಒ. ಅಲ್ಲಿಯೇ ಫಿಲಾಟೆಲಿಕ್ ಬ್ಯೂರೋ. ಹೊಸ ಸ್ಟ್ಯಾಂಪು ಬಂದ ದಿನ ನಾಲ್ಕಾರು ರೂಪಾಯಿಯದು ಕೊಂಡು ತರುತ್ತಿದ್ದೆ. ಮೊದಲ ಸಲ ಆ ಕಟ್ಟಡದ ಒಳಗೆ ನಿಂತು ತಲೆಯೆತ್ತಿ ನೋಡಿದಾಗ, ಇದನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತ್ತು. ಆಮೇಲೆ ತಿಳಿಯಿತು. 1913ರಲ್ಲಿ ಮುಗಿದ ಆ ಕಟ್ಟಡದ ವಾಸ್ತುಶಿಲ್ಪಿ ಜಾನ್ ಬೆಗ್, ಗುಮ್ಮಟಕ್ಕೆ ಮಾದರಿ ನಮ್ಮ ಬಿಜಾಪುರದ ಗೋಳಗುಮ್ಮಟ. ಶಾಲೆಯ ಟ್ರಿಪ್ಪಿನಲ್ಲಿ ಗೋಳಗುಮ್ಮಟದೊಳಗೆ ಕೂಗಿ ಬಂದವಳು ನಾನು. ಮುಂಬಯಿಯ ಕಾಗದಗಳೆಲ್ಲ ಬಿಜಾಪುರದ ನೆರಳಿನ ಕೆಳಗೇ ಹಾದು ಹೋಗುತ್ತವೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಈ ಗುಮ್ಮಟದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಗುಂಪು ಇತ್ತು. ಕಲ್ಯಾಣದಲ್ಲಿ ಹತ್ತುವವರು ಡೊಂಬಿವಲಿಯವರಿಗೆ ಜಾಗ ಹಿಡಿಯುವುದು, ನಾವು ಠಾಣೆಯಲ್ಲಿ ಎದ್ದು ಬೇರೆಯವರಿಗೆ ಬಿಡುವುದು ಅಂತ ಒಪ್ಪಂದ. ಕಲ್ಯಾಣದ ರೈಲ್ವೆ ಕಾಲೊನಿಯಲ್ಲಿ ಬೆಳೆದ ಒಬ್ಬ ಮರಾಠಿ ಗೆಳತಿ, ನನ್ನ ಹವ್ಯಾಸವನ್ನು ಯಾವಾಗಲೂ ಚೇಷ್ಟೆ ಮಾಡುವವಳು, ಒಂದು ದಿನ ಠಾಣೆ ದಾಟಿ ಮುಲುಂಡ್ ಬರುವ ಮೊದಲು ಪರ್ಸಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಲಕೋಟೆ ತೆಗೆದು ಕೊಟ್ಟಳು. ತೀರಿಹೋದ ಅವಳ ತಂದೆಯ ಡೈರಿಯೊಳಗೆ ಇತ್ತಂತೆ. 1953ರ ಎರಡು ಆಣೆ ಸ್ಟ್ಯಾಂಪು, ರೈಲ್ವೆಯ ಶತಮಾನೋತ್ಸವದ್ದು. ಒಂದು ಕಡೆ 1853ರ ಎಂಜಿನ್ನು, ಇನ್ನೊಂದು ಕಡೆ ನೂರು ವರ್ಷದ ನಂತರದ್ದು. ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ. ಕಲ್ಯಾಣಕ್ಕೆ ಅದು ಬಂದದ್ದು ಮರುವರ್ಷ ಮೇ 1ರಂದು. ಅದೇ ಹಳಿಯ ಮೇಲೆ ಕೂತು ಆ ಸ್ಟ್ಯಾಂಪು ತೆಗೆದುಕೊಂಡವರು ಎಷ್ಟು ಜನ ಇದ್ದಾರೋ! ಅವತ್ತು ನಾನು ಡಬ್ಬಿಯ ಫ್ಯಾನಿನ ಗಾಳಿಗೆ ಹೆದರಿ ಲಕೋಟೆಯನ್ನು ಬಿಚ್ಚಲೇ ಇಲ್ಲ, ವಿ.ಟಿ.ಯಲ್ಲಿ ಇಳಿದ ಮೇಲೆ ಬೆಂಚಿನ ಮೇಲೆ ಕೂತು ನೋಡಿದೆ.

ನಮ್ಮ ಮನೆಗೆ ಬರುತ್ತಿದ್ದ ಕೆಲಸದ ಬಾಯಿಯದು ಇನ್ನೊಂದು ಕಥೆ. ಅವಳಿಗೆ ಓದು ಬರಹ ಇಲ್ಲ. ನಾನು ಬೋಗುಣಿಯಲ್ಲಿ ಸ್ಟ್ಯಾಂಪು ನೆನೆಸುವುದನ್ನು ನೋಡುತ್ತಿದ್ದಳು, ಒಂದು ದಿನವೂ ಏನೆಂದು ಕೇಳಿರಲಿಲ್ಲ. ದೀಪಾವಳಿಯ ಸ್ವಚ್ಛತೆ ನಡೆದಾಗ ಮೇಲಿನ ಮಹಡಿಯ ಮನೆಯವರು ಎಸೆಯಲು ಕೊಟ್ಟ ಕಾಗದದ ರಾಶಿಯಿಂದ ಲಕೋಟೆಗಳ ಮೂಲೆಗಳನ್ನು ಕತ್ತರಿಸಿ ಹಾಲಿನ ಖಾಲಿ ಚೀಲದಲ್ಲಿ ತುಂಬಿ ತಂದಳು. ಆ ಮನೆಯವರನ್ನು ಕೇಳಿಯೇ ತಂದದ್ದು ಅಂತ ಮೊದಲು ಹೇಳಿ ಆಮೇಲೆ ಚೀಲ ಕೊಟ್ಟಳು. ಜರ್ಮನಿಯಲ್ಲಿರುವ ಅವರ ಮಗ ಕಳಿಸಿದ ಕಾಗದಗಳದ್ದು. ಒಂದೊಂದಕ್ಕೂ ಸುತ್ತ ಒಂದು ಬೆರಳಿನಷ್ಟು ಅಂಚು ಬಿಟ್ಟು ಕತ್ತರಿಸಿದ್ದಳು. ಹಲ್ಲು ಹಲ್ಲಾದ ಆ ಅಂಚು ಕೆಟ್ಟರೆ ಸ್ಟ್ಯಾಂಪಿಗೆ ಬೆಲೆ ಇಲ್ಲ ಎಂಬುದನ್ನು ಓದಿದವರಿಗೂ ನಾನು ಹತ್ತು ಸಲ ಹೇಳಬೇಕಾಗುತ್ತದೆ. ಅವಳು ನೋಡಿಯೇ ತಿಳಿದಿದ್ದಳು.

ಹೇಗೆ ಬಿಡಿಸಬೇಕು ಅಂತ ಇಲ್ಲಿ ಕೆಲವರು ಆಗಲೇ ಕೇಳಿದಿರಿ. ಉಗುರುಬೆಚ್ಚನೆ ನೀರು, ಕುದಿಯುವ ನೀರಲ್ಲ. ಸ್ಟ್ಯಾಂಪಿನ ಮುಖ ಮೇಲಿರಲಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಅದೇ ಜಾರಿ ಬರುತ್ತದೆ. ಎಳೆಯಬಾರದು. ಬಣ್ಣದ ಲಕೋಟೆಯಿದ್ದರೆ ಬೇರೆ ಬೋಗುಣಿ, ಇಲ್ಲದಿದ್ದರೆ ಕೆಂಪು ಸೀರೆಯ ಜೊತೆ ಬಿಳಿ ಪಂಚೆ ಹಾಕಿದ ಹಾಗೆ ಆಗುತ್ತದೆ. ಒಣಗಿಸಲು ಬಿಳಿ ಹತ್ತಿ ಬಟ್ಟೆ ಅಥವಾ ಒತ್ತು ಕಾಗದ, ದಿನಪತ್ರಿಕೆ ಬೇಡ, ಅದರ ಮಸಿ ಹತ್ತುತ್ತದೆ. ಈಗಿನ ಸ್ಟಿಕ್ಕರ್ ತರಹದ ವಿದೇಶಿ ಸ್ಟ್ಯಾಂಪುಗಳು ಎಷ್ಟೋ ನೀರಿಗೆ ಬಗ್ಗುವುದಿಲ್ಲ, ಅವನ್ನು ಕಾಗದದ ಸಮೇತವೇ ಇಡುವುದು ಒಳ್ಳೆಯದು.

ವಾಶಿಯ ಗೆಳತಿಯೊಬ್ಬಳು, ಮೈಸೂರಿನ ಕಡೆಯವಳು, ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಕರೆದಿದ್ದಳು. ಇಲ್ಲಿ ಎಲ್ಲರಿಗೂ ವಾಣ ಕೊಡುವ ಪದ್ಧತಿ. ಉಳಿದವರಿಗೆ ಸ್ಟೀಲಿನ ಡಬ್ಬಿ, ನನಗೆ ಎಳ್ಳುಬೆಲ್ಲದ ಪೊಟ್ಟಣದ ಜೊತೆ ಒಂದು ಕಾರ್ಡು. ಒಳಗೆ 2006ರ ಡಿಸೆಂಬರ್ 13ರಂದು ಬಿಡುಗಡೆಯಾದ ಶ್ರೀಗಂಧದ ಸ್ಟ್ಯಾಂಪು, 15 ರೂಪಾಯಿಯದು. ಭಾರತದ ಮೊಟ್ಟಮೊದಲ ಸುವಾಸನೆಯ ಸ್ಟ್ಯಾಂಪು ಅದು. ಕೇಳಬೇಕೆ, ಹಳದಿ-ಕುಂಕುಮಕ್ಕೆ ಬಂದ ಅಷ್ಟೂ ಹೆಂಗಸರು ಸಾಲಾಗಿ ಅದನ್ನು ಮೂಸಿದರು. “ಮೂಗಿಗೆ ತಾಗಿಸಬೇಡಿ, ಎಣ್ಣೆ ಹತ್ತುತ್ತೆ” ಅಂತ ನಾನು ಹಿಂದೆ ಹಿಂದೆ ಓಡಾಡಿದ್ದೇ ಓಡಾಡಿದ್ದು. ಅದಾದ ಮೇಲೆ ಗುಲಾಬಿ ಬಂತು, ಮಲ್ಲಿಗೆ ಬಂತು, 2017ರಲ್ಲಿ ಬೆಂಗಳೂರಿನಲ್ಲಿ ಕಾಫಿಯದು ಬಂತು. ಕಾಫಿಯದಕ್ಕೆ 100 ರೂಪಾಯಿ. ಅದಕ್ಕಿಂತ ಒಂದು ಲೋಟ ನಿಜವಾದ ಕಾಫಿ ಕುಡಿಯಬಹುದು ಅಂತ ನಮ್ಮ ಮನೆಯವರ ಅಭಿಪ್ರಾಯ.

ನಾನು ಹೆಣ್ಣುಮಕ್ಕಳ ಸ್ಟ್ಯಾಂಪಿಗೆ ಬೇರೆ ಆಲ್ಬಮ್ ಇಟ್ಟಿದ್ದೇನೆಂದು ಗೊತ್ತಾದ ಮೇಲೆ ಉಡುಗೊರೆಗಳು ಅದಕ್ಕೇ ಹರಿದು ಬಂದವು. 1952ರ ಮೀರಾಬಾಯಿ ಅದರ ಮೊದಲ ಪುಟದಲ್ಲಿ. ಕಿತ್ತೂರು ಚೆನ್ನಮ್ಮನದು 1977ರದ್ದು, ಅದನ್ನು ಕೊಟ್ಟವರು ಬೆಳಗಾವಿಯ ನಿವೃತ್ತ ಶಿಕ್ಷಕಿ. ಪಂಡಿತಾ ರಮಾಬಾಯಿ 1989, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1991. 2014ರಲ್ಲಿ ಎಂಟು ಮಂದಿ ಸಂಗೀತಗಾರರ ಸ್ಟ್ಯಾಂಪು ಬಂತು, ಅದರಲ್ಲಿ ಗಂಗೂಬಾಯಿ ಹಾನಗಲ್ಲರಿದ್ದಾರೆ. ಆ ಎಂಟರಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಕುಮಾರ ಗಂಧರ್ವರನ್ನೂ ಸೇರಿಸಿದರೆ ನಾಲ್ವರು ನಮ್ಮ ಕಡೆ ಹುಟ್ಟಿದವರೇ. ಹೆಂಗಸರ ಆಲ್ಬಮ್ಮಿನಲ್ಲಿ ಒಬ್ಬ ಗಂಡಸಿಗೆ ಮಾತ್ರ ಜಾಗ ಕೊಟ್ಟಿದ್ದೇನೆ, ಮಹರ್ಷಿ ಕರ್ವೆಯವರಿಗೆ. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು. 1958ರಲ್ಲಿ ಅವರಿಗೆ ನೂರು ತುಂಬಿದಾಗ ಬದುಕಿರುವಾಗಲೇ ಅವರ ಸ್ಟ್ಯಾಂಪು ಬಂತು. ಎರಡು ವರ್ಷದ ನಂತರ ನಮ್ಮ ವಿಶ್ವೇಶ್ವರಯ್ಯನವರಿಗೂ ಅದೇ ಗೌರವ, ಅದೇ ನೂರು ವರ್ಷ.

ಬೆಲೆ ಎಷ್ಟು ಬಾಳುತ್ತೆ ಅಂತ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಸ್ಟಾನ್ಲಿ ಗಿಬ್ಬನ್ಸ್ ಎಂಬ ಬ್ರಿಟನ್ನಿನ ಸಂಸ್ಥೆ 1948ರ ಹತ್ತು ರೂಪಾಯಿಯ ಗಾಂಧಿ ಸ್ಟ್ಯಾಂಪು, ಮೇಲೆ ‘ಸರ್ವಿಸ್’ ಎಂದು ಅಚ್ಚಾದದ್ದು, ನಾಲ್ಕರ ಒಂದು ಪಟ್ಟಿಯನ್ನು ಐದು ಲಕ್ಷ ಪೌಂಡಿಗೆ ಮಾರಿತು. ಆ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದ ವಾರ ನನಗೆ ಒಂದೂ ಉಡುಗೊರೆ ಬರಲಿಲ್ಲ! ಕೊಡುತ್ತೇನೆಂದವರೂ “ಸ್ವಲ್ಪ ನೋಡಿ ಹೇಳ್ತೀನಿ” ಅಂದರು. ನೋಡಿದ ಮೇಲೆ ಮತ್ತೆ ಬಂದವು, ಯಾಕೆಂದರೆ ಮನೆಗಳಲ್ಲಿ ಇರುವ ಗಾಂಧಿ ಸ್ಟ್ಯಾಂಪು ಬಹುತೇಕ ಲಕ್ಷಗಟ್ಟಲೆ ಅಚ್ಚಾದವು. ನನ್ನ ಸಂಗ್ರಹವನ್ನು ಮಾರಿದರೆ ಒಂದು ಒಳ್ಳೆಯ ಇಳಕಲ್ ಸೀರೆ ಬರಬಹುದು, ಅಷ್ಟೆ.

ಈಗ ಠಾಣೆಯ ವಿಷಯ. ಅದಕ್ಕಾಗಿಯೇ ಇಷ್ಟು ಹೊತ್ತು ಮಾತಾಡಿದ್ದು.

ನೌಪಾಡಾದಲ್ಲಿ ಒಂದು ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮನೆ ಖಾಲಿ ಮಾಡುತ್ತಿದ್ದ ಒಬ್ಬರು, ಅರವತ್ತು ದಾಟಿದವರು, ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡಿದರು. ಮರಾಠಿಯಲ್ಲಿಯೇ ಮಾತು. ತಾಯಿ ಬಿಜಾಪುರದ ಕಡೆಯವರು, ತೀರಿಕೊಂಡು ವರ್ಷವಾಗಿದೆ, ಅವರ ಕಾಗದಗಳ ಒಂದು ಬಿಸ್ಕತ್ತಿನ ಡಬ್ಬಿ ಇದೆ, ತುಂಬ ಹಳೆಯ ಸ್ಟ್ಯಾಂಪು, ಬಂದು ಒಯ್ಯಿರಿ ಅಂದರು. ನಾನು ಹೋದೆ. ಡಬ್ಬಿ ಕೈಗೆ ಕೊಟ್ಟು, “ಸ್ಟ್ಯಾಂಪು ಕತ್ತರಿಸಿಕೊಂಡು ಉಳಿದದ್ದು ಎಸೆದುಬಿಡಿ, ನಮಗೆ ಯಾರಿಗೂ ಈ ಅಕ್ಷರ ಓದಲು ಬರುವುದಿಲ್ಲ” ಅಂದರು. ಬೇಸರದಿಂದ ಹೇಳಿದ್ದಲ್ಲ. ಹೊಸ ಬಾಡಿಗೆ ಮನೆ ಚಿಕ್ಕದು, ಏನೆಲ್ಲ ಒಯ್ಯುವುದು?

ಡೊಂಬಿವಲಿಗೆ ತಂದು ಮೇಜಿನ ಮೇಲೆ ಹರಡಿದೆ. ಎಂಭತ್ತಕ್ಕೂ ಹೆಚ್ಚು ಕಾಗದ. ಲಕೋಟೆ, ಇನ್‌ಲ್ಯಾಂಡ್, ಕಾರ್ಡು. ಎಲ್ಲವೂ ಒಬ್ಬರೇ ಬರೆದದ್ದು, ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯಿಂದ ತಾಯಿ ಮಗಳಿಗೆ. ಠಾಣೆಯ ವಿಳಾಸವನ್ನು ಬೇರೆ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಹಳೆಯ ಕಾಗುಣಿತದ ‘ಥಾಣಾ’. ಒಳಗಿನದು ದುಂಡನೆಯ ಕನ್ನಡ. ಪಿನ್ ಕೋಡ್ ಇಲ್ಲ, ಅದು ಶುರುವಾದದ್ದೇ 1972ರ ಆಗಸ್ಟ್ 15ಕ್ಕೆ. (ಪಿನ್ ಬಂದ ಮೇಲೂ ನನ್ನ ಅತ್ತೆಯ ಊರಿನವರು ಡೊಂಬಿವಲಿಗೆ 400 ಎಂದೇ ಬರೆಯುತ್ತಿದ್ದರು. ಠಾಣೆ, ನವಿ ಮುಂಬಯಿಗೆ 400, ನಮಗೂ ಕಲ್ಯಾಣಕ್ಕೂ ಮಾತ್ರ 421 ಅಂದರೆ ಅವರಿಗೆ ನಂಬಿಕೆ ಇರಲಿಲ್ಲ.)

ಕತ್ತರಿ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಒಂದು ಕಾರಣ ಸಂಗ್ರಾಹಕಿಯದು. ಇಡೀ ಲಕೋಟೆ, ಅದರ ಮೇಲಿನ ಅಂಚೆ ಮುದ್ರೆ, ತಲುಪಿದ ಊರಿನ ಹಿಂಬದಿಯ ಮುದ್ರೆ, ಎಲ್ಲ ಸೇರಿದರೇ ಅದು ದಾಖಲೆ. ಇನ್ನೊಂದು ಕಾರಣ ಕಾಗದ ಓದಿದ ಮೇಲೆ ಹುಟ್ಟಿದ್ದು.

ಆ ಅಜ್ಜಿ ಇಸವಿ ಬರೆಯುತ್ತಿರಲಿಲ್ಲ. ಆಷಾಢ ಬಹುಳ ಏಕಾದಶಿ, ಶನಿವಾರ, ಅಷ್ಟೇ. ಒಂದೆರಡರಲ್ಲಿ ಮಾತ್ರ ಸಂವತ್ಸರದ ಹೆಸರು, ಹೇವಿಳಂಬಿ ಅಂತ. ಹೇವಿಳಂಬಿ ಅಂದರೆ 1957-58. ಅದಕ್ಕೆ ಸರಿಯಾಗಿ ಆ ಲಕೋಟೆಯ ಮೇಲೆ ನಯೇ ಪೈಸೆಯ ಸ್ಟ್ಯಾಂಪು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯೇ ಪೈಸೆ ಬಂದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಉಳಿದವಕ್ಕೆ ಭೂತಗನ್ನಡಿ ಹಿಡಿದು ಅಂಚೆ ಮುದ್ರೆಯ ತಾರೀಖು ಓದಿ, ಮೂರು ರಾತ್ರಿ ಕೂತು ಸಾಲಾಗಿ ಜೋಡಿಸಿದೆ.

ಜೋಡಿಸಿದ ಮೇಲೆ ಒಂದು ಸಂಗತಿ ಕಾಣಿಸಿತು. ಪ್ರತಿ ವರ್ಷ ಜುಲೈ ಕೊನೆಗೆ, ಆಗಸ್ಟ್ ಮೊದಲಿಗೆ ಒಂದು ಕಾಗದ. ಅದರಲ್ಲಿ ಒಂದೇ ಪ್ರಶ್ನೆ, ಪಂಚಮಿಗೆ ಕಳಿಸುತ್ತಾರೋ ಇಲ್ಲವೋ. ಉತ್ತರ ಕರ್ನಾಟಕದವರಿಗೆ ನಾನು ವಿವರಿಸಬೇಕಾಗಿಲ್ಲ, ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ ಕಟ್ಟಿದ್ದೇವೆ, ಅಳ್ಳಿಟ್ಟಿಗೆ ಜೋಳ ಹುರಿದಿದ್ದೇವೆ, ನಿನ್ನ ಅಣ್ಣನನ್ನು ಕರೆಯಲು ಕಳಿಸಲೇ? 1956, 57, 58, 59, 60. ಐದು ವರ್ಷ ಅದೇ ಪ್ರಶ್ನೆ. ನಡುವೆ ಒಂದು ಕಡೆ, ನೀನು ಅತ್ತು ಬರೆದ ಕಾಗದ ಓದಿಸಿಕೊಂಡು ಕೇಳಿ ನಿನ್ನ ಅಪ್ಪ ಊಟ ಬಿಟ್ಟು ಎದ್ದರು ಎಂಬ ಮಾತು. 1961ರ ಕಾಗದದಲ್ಲಿ ಪ್ರಶ್ನೆ ಇಲ್ಲ. ಕೂಸಿನ ಒಂದು ಫೋಟೋ ತೆಗೆಸಿ ಕಳಿಸು ಅಂತಿದೆ.

ನಾನು ಠಾಣೆಗೆ ಫೋನ್ ಮಾಡಿದೆ. ಓದಿ ಹೇಳಲೇ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಭಾನುವಾರ ಸಂಜೆ ಅಂದರು. ಏಳು ಭಾನುವಾರ ನಾನು ಕನ್ನಡದಲ್ಲಿ ಓದಿ ಮರಾಠಿಯಲ್ಲಿ ಹೇಳಿದೆ. 1961ರಲ್ಲಿ ಹುಟ್ಟಿದ ಕೂಸು ಇವರೇ. “ಅಮ್ಮನಿಗೆ ತವರು ಅಂದರೆ ಅಷ್ಟಕ್ಕಷ್ಟೇ, ಎಂದೂ ಊರಿಗೆ ಹೋಗೋಣ ಅಂದವಳಲ್ಲ, ನಮಗೆ ಕನ್ನಡ ಕಲಿಸಿದವಳೂ ಅಲ್ಲ ಅಂತ ನಾವು ನಾಲ್ಕೂ ಮಕ್ಕಳು ಅಂದುಕೊಂಡಿದ್ದೆವು” ಅಂದರು. ಕಳಿಸದೆ ಇದ್ದವರು ಯಾರು, ಯಾಕೆ ಎಂಬುದು ಡಬ್ಬಿಯಲ್ಲಿ ಇಲ್ಲ. ಅದು ಮಗಳು ಬರೆದ ಉತ್ತರಗಳಲ್ಲಿ ಇರಬೇಕಿತ್ತು, ಅವು ಆ ಹಳ್ಳಿಯಲ್ಲಿ ಎಂದೋ ಒಲೆ ಸೇರಿರಬಹುದು. ನಾನು ಊಹಿಸಿ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಐದನೆಯ ಭಾನುವಾರ ಮಾತ್ರ, 1958ರ ಕಾಗದ ಇನ್ನೊಂದು ಸಲ ಓದಿ ಅಂದರು. ಮರಾಠಿ ಬೇಡ, ಹಾಗೇ ಓದಿ.

ಯೋಚಿಸಿ ನೋಡಿ, ಸ್ಟ್ಯಾಂಪು ಕತ್ತರಿಸಿದ್ದರೆ ಅದರ ಜೊತೆ ಮುದ್ರೆಯೂ ಹೋಗುತ್ತಿತ್ತು. ಆಗ ಆ ಐದು ಕಾಗದಗಳು ಯಾವ ವರ್ಷದವೋ ಯಾರಿಗೂ ತಿಳಿಯುತ್ತಿರಲಿಲ್ಲ. ಪಂಚಮಿಗೆ ಒಮ್ಮೆ ಕರೆದಿದ್ದರು ಅನ್ನುವಷ್ಟೇ ಉಳಿಯುತ್ತಿತ್ತು.

ಪ್ರತಿ ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ಲಕೋಟೆಯೊಳಗೆ ಹಾಕಿ, ಡಬ್ಬಿಯನ್ನು ಹಿಂದಿರುಗಿಸಿದೆ. ಅವರು ಬೇಡ ಬೇಡ ಅನ್ನುತ್ತಲೇ ಎರಡೂ ಕೈಯಲ್ಲಿ ತೆಗೆದುಕೊಂಡರು. ಕೊಟ್ಟದ್ದನ್ನು ವಾಪಸ್ಸು ಪಡೆಯಬಾರದಂತೆ ಅಂತ, ಒಂದನ್ನು ಮಾತ್ರ ಹೊರಗೆ ತೆಗೆದು ನನ್ನ ಕೈಯಲ್ಲಿಟ್ಟರು. ದಪ್ಪನೆಯ ರಿಜಿಸ್ಟರ್ಡ್ ಲಕೋಟೆ, 1955ರದ್ದು, ಮಗಳ ಮದುವೆಯಾದ ವರ್ಷದ್ದು. ಬಿಜಾಪುರದ ಮುದ್ರೆ. ಸ್ಟ್ಯಾಂಪು 1949ರ ಮಾಲಿಕೆಯ ಆರು ಆಣೆಯದು, ಚಿತ್ರ ಗೋಳಗುಮ್ಮಟ. ಆ ಊರಿನ ಕಾಗದದ ಮೇಲೆ ಆ ಊರಿನದೇ ಗುಮ್ಮಟ, ಅದು ಬಂದಿರುವುದು ಮುಂಬಯಿ ಕಡೆಗೆ! ಒಳಗೆ ಕಾಗದ ಇರಲಿಲ್ಲ. ಡಬ್ಬಿ ನನ್ನ ಕೈಗೆ ಬಂದಾಗಲೂ ಅದು ಖಾಲಿಯೇ ಇತ್ತು. ರಿಜಿಸ್ಟರ್ ಮಾಡಿ ಕಳಿಸುವಂಥದ್ದು ಏನಿತ್ತೋ. ಇವತ್ತು ಅದನ್ನು ತಂದಿದ್ದೇನೆ, ಸಭೆ ಮುಗಿದ ಮೇಲೆ ನೋಡಬಹುದು, ಪ್ಲಾಸ್ಟಿಕ್ ಹೊದಿಕೆಯಿಂದ ತೆಗೆಯುವುದು ಬೇಡ.

ರಿಜಿಸ್ಟರ್ಡ್ ಪೋಸ್ಟ್ ಎಂಬುದೇ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕಾಗದ ಬರೆಯುವವರು ಕಡಿಮೆ, ಬಂದರೂ ಸ್ಟ್ಯಾಂಪಿನ ಜಾಗದಲ್ಲಿ ಬಾರ್‌ಕೋಡು. ಆದರೆ ನಮ್ಮೆಲ್ಲರ ಮನೆಯ ಮಾಳಿಗೆಯಲ್ಲಿ, ದಿವಾನದ ಕೆಳಗೆ, ಅತ್ತೆಯ ಟ್ರಂಕಿನಲ್ಲಿ ಹಳೆಯವು ಇನ್ನೂ ಇವೆ, ಮತ್ತು ಡೊಂಬಿವಲಿ, ಠಾಣೆಯಲ್ಲಿ ಕಟ್ಟಡಗಳು ಒಂದಾದ ಮೇಲೊಂದು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಅದಕ್ಕೆ ಮುಂದಿನ ತಿಂಗಳ ಸಭೆಗೆ ನಾನು ಒಂದು ಗಂಟೆ ಮುಂಚೆ ಬಂದು ಕೂರುತ್ತೇನೆ. ಇದ್ದ ಕಾಗದ ಇದ್ದ ಹಾಗೆ ತನ್ನಿ, ಸ್ಟ್ಯಾಂಪು ಕಿತ್ತು ತರಬೇಡಿ. ಓದಲು ಬಾರದ ಮಕ್ಕಳು ಮೊಮ್ಮಕ್ಕಳು ಇದ್ದರೆ ಅವರನ್ನೂ ಕರೆತನ್ನಿ. ಭೂತಗನ್ನಡಿ ನನ್ನ ಹತ್ತಿರ ಒಂದೇ ಇದೆ, ಮನೆಯಲ್ಲಿ ಇದ್ದವರು ತಮ್ಮದೂ ಹಿಡಿದುಕೊಂಡು ಬಂದರೆ ಅನುಕೂಲ.